ಮಳೆಗಾಲದಲ್ಲೂ ಒಣಗುವ ಟವೆಲ್: ಕಲಬುರಗಿ ಕಡೆಯ ಮನೆಗಳಿಗೆ ಖರೀದಿ ಮಾರ್ಗದರ್ಶಿ

ಕಲಬುರಗಿ ಅಂದರೆ ಬಿಸಿಲೂರು. ಇಲ್ಲಿ ಟವೆಲ್ ಒಣಗುತ್ತಿಲ್ಲ ಅಂದರೆ ಮಂಗಳೂರು ಕಡೆಯವರು ನಂಬುವುದಿಲ್ಲ. ಏಪ್ರಿಲ್‌ನಲ್ಲಿ ಅವರು ಹೇಳುವುದು ಸರಿ. ಮಾಳಿಗೆ ಮೇಲೆ ಹಾಕಿದ ಟವೆಲ್ ಸ್ವಲ್ಪ ಹೊತ್ತಿನಲ್ಲೇ ಹಪ್ಪಳದ ಹಾಗೆ ಆಗಿರುತ್ತದೆ. ಆದರೆ ಮಿರಗ, ಅಂದರೆ ಜೂನ್‌ನ ಮೃಗಶಿರ ಮಳೆ, ಹೊಕ್ಕ ಮೇಲೆ ಲೆಕ್ಕ ಬೇರೆ. ಅದರಲ್ಲೂ ಸೆಪ್ಟೆಂಬರ್. ನಮ್ಮ ಕಡೆ ಜಾಸ್ತಿ ಮಳೆ ಬೀಳುವ ತಿಂಗಳೇ ಅದು. ಉತ್ತರಿ ಮಳೆ, ಹಸ್ತ ಮಳೆ ಹಿಡಿದುಕೊಂಡರೆ ಬೆಳಿಗ್ಗೆ ಹಾಕಿದ ಟವೆಲ್ ರಾತ್ರಿಯೂ ತಣ್ಣಗೇ ಇರುತ್ತದೆ. ಮರುದಿನ ಅದನ್ನೇ ಮುಖಕ್ಕೆ ಒತ್ತಿಕೊಂಡರೆ ಮುಗ್ಗಲು ವಾಸನೆ.

ಬೀದರಿನಲ್ಲಿ ಎತ್ತರದ ತಂಪು ಇದಕ್ಕೆ ಕೂಡಿಕೊಳ್ಳುತ್ತದೆ, ಬಿಸಿಲು ಇನ್ನೂ ಕಡಿಮೆ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ಕೃಷ್ಣಾ ಕಾಲುವೆ ನೀರು ಬಂದ ಮೇಲೆ ಭತ್ತದ ಗದ್ದೆ ಜಾಸ್ತಿ. ನೀರು ನಿಂತ ಗದ್ದೆಯ ಪಕ್ಕದ ಮನೆಯಲ್ಲಿ ಸಂಜೆ ಗಾಳಿಯೇ ಹಸಿಯಾಗಿರುತ್ತದೆ.

ಇನ್ನೊಂದು ಮಾತು. ಇದು ಬರೀ ಮಳೆಗಾಲದ ತೊಂದರೆ ಅಲ್ಲ. ಮೇ ತಿಂಗಳಲ್ಲಿ ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಕೂಲರ್ ಓಡುತ್ತಿರುತ್ತದೆ. ಕೂಲರ್ ಕೆಲಸ ಮಾಡುವುದೇ ನೀರನ್ನು ಆವಿ ಮಾಡಿ ಗಾಳಿಗೆ ಸೇರಿಸುವುದರಿಂದ. ಕಿಟಕಿ ಮುಚ್ಚಿ ಕೂಲರ್ ಹಾಕಿದ ರೂಮಿನಲ್ಲಿ ಟವೆಲ್ ನೇತುಹಾಕಿದರೆ ಅದು ನಡುಬೇಸಿಗೆಯಲ್ಲೂ ಒಣಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಅಂಗಡಿಯಲ್ಲಿ ನಾವು ಟವೆಲ್ ಆರಿಸುವುದು ಹೇಗೆ? ಕೈಯಲ್ಲಿ ಒತ್ತಿ ನೋಡುತ್ತೇವೆ. ದಪ್ಪಗಿದೆ, ಮೆತ್ತಗಿದೆ ಅಂದರೆ ಒಳ್ಳೆಯದು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ನಮ್ಮ ಕಡೆ ಇದು ತಲೆಕೆಳಗಾದ ಕ್ರಮ. ಟವೆಲ್ ಎಲ್ಲಿ ಒಣಗಬೇಕು ಅನ್ನುವುದನ್ನು ಮೊದಲು ನೋಡಬೇಕು. ಮೆತ್ತಗಿರುವುದು ಆಮೇಲಿನ ಮಾತು.

1. ಮೊದಲು ಮನೆ ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಳೆ ಬರುವ ದಿನ ನಿಮ್ಮ ಟವೆಲ್ ಎಲ್ಲಿ ನೇತಾಡುತ್ತದೆ?

ಮಾಳಿಗೆ ಇದ್ದು, ಅದರ ಮೇಲೆ ತಗಡಿನ ಶೆಡ್ ಕೂಡ ಇದ್ದರೆ ನೀವು ಪುಣ್ಯವಂತರು. ನಾಲ್ಕೂ ಕಡೆಯಿಂದ ಗಾಳಿ, ಮೇಲೆ ಮರೆ. ಸ್ವಲ್ಪ ದಪ್ಪ ಟವೆಲ್ ತಗೊಂಡರೂ ನಡೆಯುತ್ತದೆ. ವರಾಂಡದಲ್ಲಿ ಹಗ್ಗ ಇದ್ದರೆ ಅದಕ್ಕಿಂತ ಹಗುರದ್ದು ತಗೊಳ್ಳಿ. ಬಚ್ಚಲ ಬಾಗಿಲಿನ ಹಿಂದಿನ ಮೊಳೆಯೇ ಗತಿ ಅನ್ನುವ ಮನೆ, ಬಾಡಿಗೆ ರೂಮು, ಹಾಸ್ಟೆಲ್ ಇದ್ದರೆ ತೆಳ್ಳಗಿನದು ಬಿಟ್ಟು ಬೇರೆ ಯಾವುದೂ ಬೇಡ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ, ನಗರದ ಕಾಲೇಜಿಗೋ ಮಕ್ಕಳನ್ನು ಕಳಿಸುವಾಗ ತಾಯಂದಿರು ಪ್ರೀತಿಯಿಂದ ದಪ್ಪ ಟರ್ಕಿ ಟವೆಲ್ ಕಟ್ಟಿ ಕೊಡುತ್ತಾರೆ. ಹಾಸ್ಟೆಲ್ ಮಂಚದ ಕಂಬಿಗೆ ಮಡಚಿ ಹಾಕಿದ ಆ ಟವೆಲ್ ಆಗಸ್ಟ್‌ನಲ್ಲಿ ಒಣಗುವುದೇ ಇಲ್ಲ. ಎರಡು ತೆಳು ಟವೆಲ್ ಕೊಟ್ಟರೆ ಆ ಮಗುವಿಗೆ ಜಾಸ್ತಿ ಉಪಕಾರ.

2. ತೂಕ ನೋಡಿ, ಬರೀ ಕೈಗೆ ಹತ್ತಿದ್ದು ನಂಬಬೇಡಿ

ಟವೆಲ್ ದಪ್ಪವನ್ನು ಜಿಎಸ್ಎಂ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಆ ಅಂಕಿ. ಪ್ಯಾಕೆಟ್ ಮೇಲೆ, ಆನ್‌ಲೈನ್ ಅಂಗಡಿಯ ವಿವರದಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. 300ರಿಂದ 400 ಹಗುರ. 400ರಿಂದ 600 ನಡುವಿನದು. 600 ದಾಟಿದರೆ ಹೋಟೆಲಿನಲ್ಲಿ ಸಿಗುವಂಥ ಭಾರದ ಟವೆಲ್. ಆ ಹೋಟೆಲಿನವರ ಹತ್ತಿರ ಬಿಸಿ ಗಾಳಿಯ ಡ್ರೈಯರ್ ಇರುತ್ತದೆ. ನಮ್ಮ ಹತ್ತಿರ ಹಗ್ಗ ಇದೆ.

ನನ್ನ ಸಲಹೆ ಖಚಿತ: ದಿನಬಳಕೆಗೆ 300ರಿಂದ 400. ಒಳ್ಳೆ ಗಾಳಿ ಆಡುವ ಜಾಗ ಇದ್ದರೆ 450ರವರೆಗೆ ಹೋಗಿ. ಅದಕ್ಕಿಂತ ಮೇಲೆ ಬೇಡ.

ಅಂಗಡಿಯಲ್ಲಿ ಕಟ್ಟು ಬಿಚ್ಚಿ ಮಾರುವ ಟವೆಲ್‌ಗಳ ಮೇಲೆ ಈ ಅಂಕಿ ಬರೆದಿರುವುದಿಲ್ಲ. ಆಗ ನೀವೇ ಲೆಕ್ಕ ಹಾಕಬಹುದು, ಕಷ್ಟವೇನಿಲ್ಲ. ಉದ್ದ, ಅಗಲ ಎರಡನ್ನೂ ಮೀಟರಿನಲ್ಲಿ ಗುಣಿಸಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿ. 75 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ ಟವೆಲ್ ಅಂದರೆ 0.75 ಗುಣಿಸು 1.5, ಅಂದರೆ 1.125 ಚದರ ಮೀಟರ್. ಅದು 420 ಗ್ರಾಂ ತೂಗಿದರೆ ಸುಮಾರು 373 ಜಿಎಸ್ಎಂ. ಒಳ್ಳೆಯದು, ತಗೊಳ್ಳಿ. ಅದೇ ಅಳತೆಯದು 700 ಗ್ರಾಂ ತೂಗಿದರೆ 622. ವಾಪಸ್ ಇಡಿ. ಅಳತೆ ಇಂಚಿನಲ್ಲಿ ಬರೆದಿದ್ದರೆ 30 ಇಂಚು ಸುಮಾರು 76 ಸೆಂ.ಮೀ., 60 ಇಂಚು ಸುಮಾರು 152 ಸೆಂ.ಮೀ. ಅಂಗಡಿಯಲ್ಲಿ ತಕ್ಕಡಿ ಇಲ್ಲದಿದ್ದರೆ ಪಕ್ಕದ ಕಿರಾಣಿಯಲ್ಲಿ ತೂಗಿಸಿ. ಯಾರೂ ಬೇಡ ಅನ್ನುವುದಿಲ್ಲ.

ದಪ್ಪ ಟವೆಲ್ ಯಾಕೆ ಒಣಗುವುದಿಲ್ಲ? ಮೈ ಮೇಲಿನ ನೀರು ಎರಡೂ ಟವೆಲ್‌ಗೆ ಒಂದೇ ಅಲ್ವಾ ಅಂತ ಕೇಳಬಹುದು. ಒಗೆದಾಗ ದಪ್ಪದ್ದು ಹೆಚ್ಚು ನೀರು ಹಿಡಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಸ್ನಾನದ ನಂತರ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ನೀರು ಇರುತ್ತದೆ. ಆದರೆ ದಪ್ಪ ಟವೆಲ್‌ನಲ್ಲಿ ಅದು ಬಟ್ಟೆಯ ಮೇಲೆ ಎದ್ದಿರುವ ನೂಲಿನ ಕುಣಿಕೆಗಳ ಬುಡಕ್ಕೆ ಇಳಿದು ಕೂತಿರುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ. ಮೇಲೆ ಮುಟ್ಟಿದರೆ ಒಣಗಿದ ಹಾಗೆ ಅನ್ನಿಸುತ್ತದೆ, ಒಳಗೆ ಹಸಿ ಉಳಿದಿರುತ್ತದೆ. ಬೇಸಿಗೆ ಮಧ್ಯಾಹ್ನ ನಮ್ಮ ಕಡೆಯ ಗಾಳಿಯಲ್ಲಿ ತೇವ ಶೇಕಡ 25–30 ಇದ್ದರೆ ಹೆಚ್ಚು. ಅದು ಇನ್ನೂ ಬೇಕಾದಷ್ಟು ನೀರು ಕುಡಿಯುತ್ತದೆ. ಮಳೆಗಾಲದ ಬೆಳಿಗ್ಗೆ ಅದು 80ರ ಆಸುಪಾಸು. ಗಾಳಿಯಲ್ಲಿ ಉಳಿದ ಜಾಗವೇ ಸ್ವಲ್ಪ, ಮೇಲಿಂದ ಬಿಸಿಲೂ ಇಲ್ಲ. ಅಂಥ ದಿನ ಬುಡದ ಹಸಿ ಹೊರಬರುವುದಿಲ್ಲ.

3. ನೇಯ್ಗೆ

ತೂಕದಷ್ಟೇ ಮುಖ್ಯ ಇದು.

ಟರ್ಕಿ ಟವೆಲ್ ಅಂದರೆ ಎರಡೂ ಬದಿ ಕುಣಿಕೆ ಎದ್ದಿರುವ ಬಟ್ಟೆ. ಕುಣಿಕೆ ಗಿಡ್ಡಗಿರಬೇಕು, ನಡುನಡುವೆ ಜಾಗ ಇರಬೇಕು. ಕುಣಿಕೆ ಕತ್ತರಿಸಿ ಒಂದು ಬದಿಯನ್ನು ಮಖಮಲ್ಲಿನ ಹಾಗೆ ಮಾಡಿದ ಟವೆಲ್ ಬರುತ್ತವೆ. ನೋಡಲು ಚೆಂದ. ಆದರೆ ಆ ಬದಿ ನೀರು ಹೀರುವುದು ಕಡಿಮೆ. ಬೇಡ.

ಜೇನುಗೂಡಿನ ಚೌಕ ಚೌಕ ನೇಯ್ಗೆಯದು ಇನ್ನೊಂದು ಬಗೆ. ಆನ್‌ಲೈನ್‌ನಲ್ಲಿ ವಾಫಲ್ ಅಂತ ಹುಡುಕಿದರೆ ಸಿಗುತ್ತದೆ. ಬಟ್ಟೆ ತೆಳ್ಳಗೆ, ಚೌಕದ ಗುಂಡಿಗಳಿಂದ ಗಾಳಿಗೆ ಸಿಗುವ ಮೈ ಜಾಸ್ತಿ. ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ನೇಯ್ಗೆ ನಾನು ಕಂಡಿಲ್ಲ. ಮೊದಲೆರಡು ಸಲ ಒಗೆದಾಗ ಕುಗ್ಗುತ್ತದೆ, ಹಾಗಾಗಿ ಒಂದು ಅಳತೆ ದೊಡ್ಡದನ್ನೇ ತಗೊಳ್ಳಿ.

ಮೂರನೆಯದು ನಮ್ಮ ಹಿರಿಯರ ಹೆಗಲ ಮೇಲಿದ್ದ ಸಾದಾ ನೇಯ್ಗೆಯ ಪಂಜಿ. ಹೊಲಕ್ಕೆ ಹೋದವರು ಬಾವಿಯಲ್ಲಿ ಮೈ ತೊಳೆದು, ಅದರಲ್ಲೇ ಒರೆಸಿಕೊಂಡು, ಹಿಂಡಿ ಹೆಗಲಿಗೆ ಹಾಕಿಕೊಂಡರೆ ಮನೆ ಮುಟ್ಟುವಷ್ಟರಲ್ಲಿ ಒಣಗಿರುತ್ತಿತ್ತು. ಕೇರಳದ ತೋರ್ತು ಕೂಡ ಇದೇ ಜಾತಿ. ಅಷ್ಟು ಮಳೆ, ಅಷ್ಟು ತೇವ ಇರುವ ನಾಡಿನವರು ತೆಳ್ಳಗಿನ ಬಟ್ಟೆಯನ್ನೇ ಹಿಡಿದುಕೊಂಡಿದ್ದಾರೆ, ಗಮನಿಸಿ. ಪಂಜಿ ಹೊಸದಿದ್ದಾಗ ಒರಟು. ಒಗೆದಷ್ಟೂ ಮೆತ್ತಗಾಗುತ್ತದೆ, ಒಗೆದಷ್ಟೂ ಚೆನ್ನಾಗಿ ಹೀರುತ್ತದೆ. ಉದ್ದ ಕೂದಲಿನವರು ತಲೆಗೆ ಕಟ್ಟಿಕೊಳ್ಳಲು ಇದನ್ನೇ ಬೇರೆಯಾಗಿ ಇಟ್ಟುಕೊಳ್ಳಬೇಕು. ಮೈ ಒರೆಸುವ ಟವೆಲ್ ಅರ್ಧ ಹಸಿಯಾಗುವುದೇ ಕೂದಲಿನ ನೀರಿನಿಂದ.

ಅಂಚನ್ನೂ ನೋಡಿ. ಕೆಲವು ಟವೆಲ್‌ಗೆ ನಾಲ್ಕು ಬೆರಳು ಅಗಲದ ಚಿತ್ತಾರದ ಪಟ್ಟಿ ಇರುತ್ತದೆ, ಮಡಚಿ ಮಡಚಿ ಹೊಲಿದ ಅಂಚು ಇರುತ್ತದೆ. ಟವೆಲ್ ಎಲ್ಲ ಒಣಗಿದರೂ ಆ ಪಟ್ಟಿ ಹಸಿ ಇರುತ್ತದೆ, ವಾಸನೆ ಶುರುವಾಗುವುದು ಅಲ್ಲಿಂದಲೇ. ಸಣ್ಣ, ಸಾದಾ ಅಂಚು ಇದ್ದದ್ದು ಆರಿಸಿ.

4. ನೂಲು ಯಾವುದು?

ಹತ್ತಿ. ಇದರಲ್ಲಿ ಜಾಸ್ತಿ ಯೋಚನೆ ಬೇಡ.

ಬಿದಿರಿನ ಟವೆಲ್ ಅಂತ ಈಗ ಜೋರಾಗಿ ಮಾರುತ್ತಾರೆ. ಅದರ ನೂಲು ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ರೇಷ್ಮೆಯಷ್ಟು ನುಣುಪು, ನಿಜ. ಆದರೆ ವಿಸ್ಕೋಸ್ ನೂಲು ಹತ್ತಿಗಿಂತ ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ. ಸಾಧಾರಣ ಗಾಳಿಯಲ್ಲಿ ಒಣಗಿದ ಹತ್ತಿಯೊಳಗೆ ಶೇಕಡ 8.5ರಷ್ಟು ತೇವ ಇದ್ದರೆ, ವಿಸ್ಕೋಸ್‌ನಲ್ಲಿ ಅದು 11ರಿಂದ 13. ಪಾಲಿಯೆಸ್ಟರ್‌ನಲ್ಲಿ 0.4 ಮಾತ್ರ. ಅದಕ್ಕೇ ಹೆಚ್ಚಾಗಿ ಪಾಲಿಯೆಸ್ಟರ್‌ನ ಸಣ್ಣ ಎಳೆಯಿಂದ ಮಾಡುವ ಮೈಕ್ರೋಫೈಬರ್ ಟವೆಲ್ ಬೇಗ ಒಣಗುತ್ತದೆ. ಪ್ರವಾಸಕ್ಕೆ, ಜಿಮ್‌ಗೆ ಅದು ಅನುಕೂಲ. ದಿನಾ ಮೈ ಒರೆಸಲು ನನಗೆ ಒಪ್ಪುವುದಿಲ್ಲ. ಚರ್ಮಕ್ಕೆ ಅಂಟಿದ ಹಾಗೆ ಆಗುತ್ತದೆ, ಎಣ್ಣೆ ಜಿಡ್ಡು ಹಿಡಿದರೆ ಬಿಡುವುದಿಲ್ಲ.

ನಮಗೆ ಹತ್ತಿರದ ಟವೆಲ್ ಊರು ಸೋಲಾಪುರ. ರೈಲಿನಲ್ಲಿ ಕಲಬುರಗಿಯಿಂದ ಸುಮಾರು 110 ಕಿ.ಮೀ. ಅಲ್ಲಿಯ ಚಾದರ ಎಷ್ಟು ಹೆಸರುವಾಸಿಯೋ ಟರ್ಕಿ ಟವೆಲ್ ಕೂಡ ಅಷ್ಟೇ. ಎರಡಕ್ಕೂ ಭೌಗೋಳಿಕ ಸೂಚಿಕೆ ಅಂದರೆ ಜಿಐ ಮಾನ್ಯತೆ ಇದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಬಟ್ಟೆ ಅಂಗಡಿಗಳಲ್ಲಿ ಸೋಲಾಪುರದ ಮಾಲು ಕೇಳಿ ನೋಡಿ. ಒಂದು ಎಚ್ಚರ ಇರಲಿ. ಸೋಲಾಪುರದ್ದು ಅಂದ ಮಾತ್ರಕ್ಕೆ ತೆಳ್ಳಗೆ ಅಂತ ಅಲ್ಲ, ಅಲ್ಲಿ ಭಾರದ್ದೂ ನೇಯುತ್ತಾರೆ. ತೂಕದ ಲೆಕ್ಕ ಬಿಡಬೇಡಿ.

5. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಟವೆಲ್ ಬಿಚ್ಚಿ ಟ್ಯೂಬ್‌ಲೈಟ್‌ಗೆ ಅಡ್ಡ ಹಿಡಿಯಿರಿ. ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ಎಲ್ಲ ಕಡೆ ಒಂದೇ ಸಮ ಕಾಣಬೇಕು. ಏನೂ ಕಾಣದಿದ್ದರೆ ಅದು ಮಳೆಗಾಲಕ್ಕೆ ಅಲ್ಲ. ಕೆಲವು ಕಡೆ ದೊಡ್ಡ ತೂತು, ಕೆಲವು ಕಡೆ ಗಟ್ಟಿ ಇದ್ದರೆ ನೇಯ್ಗೆ ಸರಿಯಿಲ್ಲ.

ಅಂಗೈ ಒತ್ತಿ ಉಜ್ಜಿ. ಕೈಗೆ ನವಿರಾದ ನೂಲಿನ ಪುಡಿ ಮೆತ್ತಿದರೆ ಒಗೆದಾಗಲೂ ಉದುರುತ್ತದೆ. ಗಾಢ ಬಣ್ಣದ್ದಾದರೆ ಬಿಳಿ ದಸ್ತಿಯನ್ನು ಸ್ವಲ್ಪ ಒದ್ದೆ ಮಾಡಿ ಮೂಲೆಯಲ್ಲಿ ತಿಕ್ಕಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಹೊಸ ಟವೆಲ್ ಮೇಲೆ ನೀರಿನ ಹನಿ ಹಾಕಿದರೆ ಅದು ಮುತ್ತಿನಂತೆ ನಿಲ್ಲಬಹುದು. ಗಾಬರಿ ಬೇಡ. ಅಂಗಡಿಯಲ್ಲಿ ಮೆತ್ತಗೆ ಕಾಣಲಿ ಅಂತ ಕಾರ್ಖಾನೆಯಲ್ಲಿ ಹಾಕಿದ ಲೇಪ ಅದು. ಬಳಸುವ ಮುಂಚೆ ಎರಡು ಮೂರು ಸಲ ಒಗೆದರೆ ಹೋಗುತ್ತದೆ. ಕೈಗೆ ಹತ್ತಿದ ಆ ಮೆತ್ತನೆಯಲ್ಲಿ ಸ್ವಲ್ಪ ಪಾಲೂ ಅದರ ಜೊತೆಗೇ ಹೋಗುತ್ತದೆ.

6. ಎಷ್ಟು, ಯಾವ ಅಳತೆ?

ಒಬ್ಬೊಬ್ಬರಿಗೆ ಎರಡು. ಒಂದು ಬಳಸುವಾಗ ಇನ್ನೊಂದು ಒಣಗುತ್ತಿರಬೇಕು. ಒಂದು ದುಬಾರಿ ಟವೆಲ್‌ನ ಹಣದಲ್ಲಿ ಎರಡು ತೆಳ್ಳಗಿನವು ಬರುತ್ತವೆ. ದೊಡ್ಡವರಿಗೆ 70–75 ಸೆಂ.ಮೀ. ಅಗಲ, 140–150 ಸೆಂ.ಮೀ. ಉದ್ದ ಸಾಕು. ಮಕ್ಕಳಿಗೆ 60ಕ್ಕೆ 120. ಎಣ್ಣೆ ಸ್ನಾನಕ್ಕೆ ಒಂದು ಹಳೆಯ ಪಂಜಿ ಬೇರೆ ಇರಲಿ. ಪಂಚಮಿಗೆ, ದೀಪಾವಳಿ ಅಭ್ಯಂಜನಕ್ಕೆ ಒಳ್ಳೆ ಟವೆಲ್ ಬಳಸಿದರೆ ಎಣ್ಣೆ ನೂಲಿನೊಳಗೆ ಇಳಿದು, ಆಮೇಲೆ ನೀರು ಹೀರುವುದೇ ನಿಲ್ಲುತ್ತದೆ.

7. ನಮ್ಮ ನೀರಿನ ಮಾತು

ಟವೆಲ್ ಎಷ್ಟೇ ಚೆನ್ನಾಗಿ ಆರಿಸಿದರೂ ನಮ್ಮ ಕಡೆ ಅದನ್ನು ಕೆಡಿಸುವುದು ನೀರು. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಸುತ್ತ ನೆಲದ ಕೆಳಗೆ ಸುಣ್ಣಕಲ್ಲು. ಮನೆಗೆ ಹಾಸುವ ಫರಸಿ ಬರುವುದು ಅಲ್ಲಿಂದಲೇ, ಸಿಮೆಂಟ್ ಕಾರ್ಖಾನೆ ನಿಂತಿರುವುದೂ ಅದರ ಮೇಲೆಯೇ. ಆ ಕಲ್ಲಿನ ಸಂದಿಯಿಂದ ಬರುವ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸಾಬೂನು ನೊರೆ ಬರುವುದಿಲ್ಲ. ಸಾಬೂನು ಆ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ, ಟವೆಲ್ ಕುಣಿಕೆಯೊಳಗೆ ಕೂರುತ್ತದೆ. ಟವೆಲ್ ಬಿರುಸಾಗುತ್ತದೆ, ನೀರು ಹೀರುವುದಿಲ್ಲ. ಆ ಜಿಡ್ಡು ಬ್ಯಾಕ್ಟೀರಿಯಾಗೆ ಊಟವೂ ಆಗುತ್ತದೆ.

ನೊರೆ ಬರಲಿಲ್ಲ ಅಂತ ಇನ್ನಷ್ಟು ಪುಡಿ ಸುರಿಯುವುದು ನಮ್ಮೆಲ್ಲರ ಅಭ್ಯಾಸ. ಅದರಿಂದ ಜಿಡ್ಡು ಹೆಚ್ಚುತ್ತದೆಯೇ ಹೊರತು ಟವೆಲ್ ಸ್ವಚ್ಛ ಆಗುವುದಿಲ್ಲ. ಹೀಗೆ ಮಾಡಿ. ನಳದ ನೀರು ಬರುವ ದಿನ ಟವೆಲ್ ಒಗೆಯಿರಿ, ಬೋರ್ ನೀರನ್ನು ಬೇರೆ ಕೆಲಸಕ್ಕೆ ಬಿಡಿ. ಬೋರ್ ನೀರೇ ಗತಿಯಾದರೆ ಬಕೆಟ್‌ಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಮೊದಲು ಕರಗಿಸಿ, ಆಮೇಲೆ ಸ್ವಲ್ಪವೇ ಪುಡಿ ಹಾಕಿ. ಸೋಡಾ ಕೈ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಬಟ್ಟೆ ಸೋಪಿನ ಬಾರ್ ತಿಕ್ಕುವುದನ್ನು ಟವೆಲ್‌ಗೆ ಮಾತ್ರ ಬಿಟ್ಟುಬಿಡಿ.

ತಿಂಗಳಿಗೊಮ್ಮೆ ಕೊನೆಯ ಜಾಲಿಸುವ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿದರೆ ಕೂತ ಸುಣ್ಣ ಬಿಡುತ್ತದೆ. ವಿನೆಗರ್ ಮತ್ತು ಬ್ಲೀಚಿಂಗ್ ಪೌಡರ್ ಯಾವತ್ತೂ ಒಟ್ಟಿಗೆ ಸೇರಬಾರದು. ಕ್ಲೋರಿನ್ ಗಾಳಿ ಏಳುತ್ತದೆ, ಉಸಿರಿಗೆ ಅಪಾಯ. ಪರಿಮಳದ ಫ್ಯಾಬ್ರಿಕ್ ಕಂಡೀಷನರ್ ಟವೆಲ್‌ಗೆ ಹಾಕಲೇಬೇಡಿ. ನೂಲಿನ ಮೇಲೆ ಪದರ ಕೂರಿಸಿ ಹೀರುವ ಶಕ್ತಿ ಕಡಿಮೆ ಮಾಡುತ್ತದೆ.

8. ನೇತುಹಾಕುವ ರೀತಿ

ಮಡಚಿ ಹಾಕಿದ ಟವೆಲ್ ಎರಡು ಪಟ್ಟು ದಪ್ಪದ ಟವೆಲ್ ಆಗುತ್ತದೆ. ನೀವು 350 ಜಿಎಸ್ಎಂ ಹುಡುಕಿ ತಂದದ್ದೆಲ್ಲ ಅಲ್ಲಿ ವ್ಯರ್ಥ. ಒಂದೇ ಹಗ್ಗ ಇದ್ದರೆ ಎರಡು ಮೂಲೆ ಹಿಡಿದು ಕ್ಲಿಪ್ ಹಾಕಿ ಪೂರ್ತಿ ಬಿಡಿಸಿ ತೂಗಿ. ಒಂದು ಗೇಣು ಅಂತರದಲ್ಲಿ ಎರಡು ಹಗ್ಗ ಕಟ್ಟಿದರೆ ಇನ್ನೂ ಒಳ್ಳೆಯದು. ಟವೆಲ್ ಎರಡರ ಮೇಲೂ ಕೂತು ನಡುವೆ ಗಾಳಿ ಓಡಾಡುತ್ತದೆ. ಮೊಳೆಗೆ ಸಿಕ್ಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಗೋಡೆಗೆ ಅಂಟಿಸಿಯೂ ಹಾಕಬೇಡಿ, ಮಳೆಗಾಲದಲ್ಲಿ ಕಲ್ಲು ಗೋಡೆಯೇ ತಣ್ಣಗೆ ಹಸಿಯಾಗಿರುತ್ತದೆ.

ಬಚ್ಚಲಲ್ಲಿ ಒರೆಸಿಕೊಂಡ ಟವೆಲ್ ಬಚ್ಚಲಲ್ಲೇ ಬಿಡಬೇಡಿ. ಬಿಸಿನೀರಿನ ಹಬೆಯೆಲ್ಲ ಅಲ್ಲೇ ಇರುತ್ತದೆ. ಮಳೆ ನಿಲ್ಲದ ದಿನ ಪಡಸಾಲೆಯಲ್ಲಿ ಫ್ಯಾನ್ ಕೆಳಗೆ ಸ್ಟ್ಯಾಂಡ್ ಇಟ್ಟು, ಎದುರುಬದುರು ಕಿಟಕಿ ತೆರೆಯಿರಿ. ಗಾಳಿ ತೇವ ಇದ್ದರೂ ಚಲಿಸುತ್ತಿದ್ದರೆ ಸಾಕು, ಟವೆಲ್ ಮೇಲೆ ಕೂತ ಹಸಿ ಗಾಳಿಯನ್ನು ಅದು ಎಳೆದುಕೊಂಡು ಹೋಗುತ್ತದೆ. ಒಗೆದ ಟವೆಲ್ ಆದರೆ ಮಷಿನ್‌ನಲ್ಲಿ ಇನ್ನೊಂದು ಸಲ ಸ್ಪಿನ್ ತಿರುಗಿಸಿ. ಕೈಯಲ್ಲಿ ಹಿಂಡುವವರಿಗೆ ತೆಳು ಟವೆಲ್‌ನ ಇನ್ನೊಂದು ಲಾಭ ಇಲ್ಲಿ ಕಾಣುತ್ತದೆ. ಭಾರದ ಟರ್ಕಿ ಟವೆಲನ್ನು ವಯಸ್ಸಾದವರ ಕೈ ಹಿಂಡಲಾರದು, ಪಂಜಿಯನ್ನು ಹಿಂಡುತ್ತದೆ.

ಬೇಸಿಗೆಯಲ್ಲಿ ಉಲ್ಟಾ. ಒಣಗಿದ ಕೂಡಲೇ ಇಳಿಸಿ. ಇಡೀ ದಿನ ಬಿಸಿಲಿಗೆ ಬಿಟ್ಟರೆ ಬಣ್ಣ ಹೋಗುತ್ತದೆ, ನೂಲು ಬಿರುಸಾಗುತ್ತದೆ. ಇಳಿಸುವಾಗ ಜೋರಾಗಿ ಎರಡು ಸಲ ಕೊಡವಿದರೆ ಕುಣಿಕೆ ಎದ್ದು ನಿಲ್ಲುತ್ತವೆ.

9. ವಾಸನೆ ಬಂದೇ ಬಿಟ್ಟರೆ

ಆ ಮುಗ್ಗಲು ವಾಸನೆಯ ಮೂಲವನ್ನು 2012ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಮೊರಾಕ್ಸೆಲ್ಲಾ ಓಸ್ಲೊಎನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. ನಮ್ಮ ಚರ್ಮದ ಜಿಡ್ಡು, ಬೆವರು ತಿಂದು, ಬಟ್ಟೆ ಹಸಿ ಇದ್ದಷ್ಟು ಹೊತ್ತು ಬೆಳೆಯುತ್ತದೆ. ಒಣಗಿದರೂ ಪೂರ್ತಿ ಸಾಯುವುದಿಲ್ಲ, ಮತ್ತೆ ನೀರು ಬಿದ್ದಾಗ ಏಳುತ್ತದೆ. ಒಣಗಿದಾಗ ಸುಮ್ಮನಿದ್ದ ಟವೆಲ್ ಸ್ನಾನ ಆದ ಮೇಲೆ ನಾರುವುದು ಇದಕ್ಕೇ.

ಸೆಂಟು ಹಾಕಿ ಮುಚ್ಚಿದರೆ ಹೋಗುವುದಿಲ್ಲ. ಬಿಸಿ ಬೇಕು. ಮಷಿನ್‌ನಲ್ಲಿ ಹೀಟರ್ ಇದ್ದರೆ 60 ಡಿಗ್ರಿಗೆ ಇಟ್ಟು ಒಗೆಯಿರಿ. ಇಲ್ಲದಿದ್ದರೆ ಬಿಳಿ ಅಥವಾ ಬಣ್ಣ ಬಿಡದ ಟವೆಲನ್ನು ಚೆನ್ನಾಗಿ ಕಾದ ನೀರು, ವಾಷಿಂಗ್ ಸೋಡಾ ಹಾಕಿದ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬಕೆಟ್ ಮಕ್ಕಳ ಕೈಗೆ ಸಿಗದ ಕಡೆ ಇರಲಿ. ಆಮೇಲೆ ಸಾದಾ ನೀರಿನಲ್ಲಿ ಜಾಲಿಸಿ, ಬಿಸಿಲು ಬಿದ್ದ ದಿನ ನೋಡಿ ಒಣಗಿಸಿ. ಮಳೆಗಾಲದಲ್ಲಿ ಮೂರು ನಾಲ್ಕು ಸಲ ಬಳಸಿದ ಮೇಲೆ ಟವೆಲ್ ಒಗೆಯಲೇಬೇಕು. ಚರ್ಮದಲ್ಲಿ ಗಜಕರ್ಣ, ತುರಿಕೆ ಇದ್ದವರ ಟವೆಲ್ ಬೇರೆ ಇಟ್ಟು, ದಿನಾ ಬಿಸಿನೀರಿನಲ್ಲಿ ಒಗೆಯಿರಿ. ಹಂಚಿಕೊಂಡ ಟವೆಲ್‌ನಿಂದಲೂ ಗಜಕರ್ಣ ಮನೆಯವರಿಗೆ ಹರಡಬಹುದು.

ಎರಡು ಸಲ ಹೀಗೆ ಬಿಸಿನೀರು ತೋರಿಸಿದರೂ ವಾಸನೆ ಮರಳಿ ಬಂದರೆ, ಅಥವಾ ಹನಿ ಹಾಕಿದರೆ ನೀರು ಜಾರಿ ಹೋಗುತ್ತಿದ್ದರೆ, ಆ ಟವೆಲನ್ನು ಕತ್ತರಿಸಿ ನೆಲ ಒರೆಸಲು ಇಟ್ಟುಕೊಳ್ಳಿ. ಹೊಸದನ್ನು ಮೇ ತಿಂಗಳಲ್ಲೇ ತಂದುಬಿಡಿ. ಮೊದಲ ಎರಡು ಮೂರು ಒಗೆತ ಬೇಸಿಗೆ ಬಿಸಿಲಲ್ಲೇ ಮುಗಿದರೆ ಮಿರಗದ ಹೊತ್ತಿಗೆ ಲೇಪ ಹೋಗಿ, ಕುಗ್ಗುವುದೆಲ್ಲ ಕುಗ್ಗಿ, ಟವೆಲ್ ಬಳಕೆಗೆ ಸಿದ್ಧವಾಗಿರುತ್ತದೆ.